ವಾರ್ಡ್ ಸಭೆಯಲ್ಲಿ ಕೂತು ಕಲಿತ ಹತ್ತು ಪಾಠಗಳು

ವಾರ್ಡ್ ಸಮಿತಿ ಸಭೆಗೆ ಮೊದಲ ಸಲ ಬಂದವರಲ್ಲಿ ಬಹಳ ಮಂದಿ ಎರಡನೇ ಸಲ ಮುಖ ತೋರಿಸುವುದಿಲ್ಲ. ‘ಏನೂ ಆಗಲ್ಲ ಸಾರ್, ಸುಮ್ನೆ ಟೈಮ್ ವೇಸ್ಟು’ ಎಂದು ಹೇಳಿ ಹೋಗುತ್ತಾರೆ. ಅವರ ಬೇಸರ ಸುಳ್ಳಲ್ಲ. ಆದರೆ ತೀರ್ಮಾನ ಆಗುವ ಜಾಗ ಒಂದು, ಅವರು ಹುಡುಕಿದ ಜಾಗ ಇನ್ನೊಂದು. ಕುರ್ಚಿ ಹಾಕಿ ಕೂತ ಒಂದೂವರೆ ಗಂಟೆಯಲ್ಲಿ ತೀರ್ಮಾನ ಆಗುವುದು ಅಪರೂಪ. ಅರ್ಧ ಸಭೆಗೆ ಮುಂಚೆ ಕಾರ್ಯಸೂಚಿಯಲ್ಲಿ ಆಗಿರುತ್ತದೆ, ಇನ್ನರ್ಧ ಸಭೆ ಮುಗಿದ ಮೇಲೆ ನಡವಳಿ ಪುಸ್ತಕದಲ್ಲಿ ಆಗುತ್ತದೆ.

ನಿವಾಸಿಗಳ ಸಂಘದ ಕೆಲಸ ಹೊತ್ತುಕೊಂಡು ಬೆಂಗಳೂರಿನ ರಾಜಾಜಿನಗರದ ಕಡೆಯಿಂದ ಕೆಂಗೇರಿಯ ಕಡೆಯವರೆಗೆ ಬೇರೆ ಬೇರೆ ವಾರ್ಡುಗಳ ಸಭೆಗಳಲ್ಲಿ ಕೂತಿದ್ದೇನೆ. ಕೆಲವು ಕಡೆ ಮಾತಾಡಿದ್ದೇನೆ, ಬಹಳ ಕಡೆ ಬರೀ ಕೇಳಿಸಿಕೊಂಡಿದ್ದೇನೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲಿಗೆ ಒಂದಿಷ್ಟು ಹಿನ್ನೆಲೆ. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಅದರ 243ಎಸ್ ವಿಧಿ ಹೇಳಿತು. ವಾರ್ಡಿಗೊಂದು ಸಮಿತಿ ಎಂದು ಕರ್ನಾಟಕದ ಪೌರನಿಗಮ ಕಾಯ್ದೆಗೆ 2011ರಲ್ಲಿ ತಿದ್ದುಪಡಿಯಾಯಿತು, ಅದರ ನಿಯಮಗಳು 2016ರಲ್ಲಿ ಬಂದವು. ಆ ಲೆಕ್ಕದಲ್ಲಿ ಪಾಲಿಕೆ ಸದಸ್ಯರೇ ಅಧ್ಯಕ್ಷರು, ಜೊತೆಗೆ ನಾಮನಿರ್ದೇಶಿತ ಹತ್ತು ಮಂದಿ. ಆ ಹತ್ತರಲ್ಲಿ ಕನಿಷ್ಠ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ ಇಬ್ಬರು, ನಿವಾಸಿಗಳ ಸಂಘಗಳ ಇಬ್ಬರು. ತಿಂಗಳಿಗೊಂದು ಸಭೆ. ಬೆಂಗಳೂರಿನ ಕಸ ವಿಲೇವಾರಿ ಪ್ರಕರಣದಲ್ಲಿ ಹೈಕೋರ್ಟ್ ಬೆನ್ನು ಹತ್ತಿದ ಮೇಲೆ ಸಮಿತಿಗಳಿಗೆ ಜೀವ ಬಂತು. ಮೇಯರ್ ಗಂಗಾಂಬಿಕೆ ಮಲ್ಲಿಕಾರ್ಜುನ್ ಅವರ ಅವಧಿಯಲ್ಲಿ, 2018ರ ಡಿಸೆಂಬರ್‌ನಿಂದ, ಪ್ರತಿ ತಿಂಗಳ ಮೊದಲ ಶನಿವಾರ ಸಭೆ ಎಂಬ ಪದ್ಧತಿ ಶುರುವಾಯಿತು. ಸಂವಿಧಾನ ಹೇಳಿದ್ದು ನಮ್ಮ ಬೀದಿಗೆ ಬರಲು ಇಪ್ಪತ್ತೈದು ವರ್ಷ ಹಿಡಿಯಿತು. ಹಾಗಿರುವಾಗ ಎರಡು ಸಭೆಗೆ ಬೇಸತ್ತು ಬಿಟ್ಟುಬಿಡುವುದು ಅವಸರವೇ ಸರಿ.

1. ಯಾವ ತೀರ್ಮಾನ ಯಾರ ಕೈಯಲ್ಲಿದೆ ಎಂದು ಮೊದಲು ತಿಳಿಯಿರಿ

ಪಾಲಿಕೆಯ ಕೌನ್ಸಿಲ್ ಸಭೆ ಬೇರೆ, ವಾರ್ಡ್ ಸಮಿತಿ ಬೇರೆ. ಬೆಂಗಳೂರಿಗೆಲ್ಲ ಬಿಬಿಎಂಪಿ ಒಂದೇ ಪಾಲಿಕೆಯಾಗಿದ್ದ ಕಾಲದಲ್ಲಿ ಹಡ್ಸನ್ ವೃತ್ತದ ಕೆಂಪೇಗೌಡ ಪೌರ ಸಭಾಂಗಣದಲ್ಲಿ ಕೌನ್ಸಿಲ್ ಸೇರುತ್ತಿತ್ತು. ಅಲ್ಲಿ ಮಾತಾಡುವ ಹಕ್ಕು ಸದಸ್ಯರಿಗೆ ಮಾತ್ರ. ನಾವು ಹೋದರೂ ಪ್ರೇಕ್ಷಕರು. ಅಲ್ಲಿಗೆ ಬರುವ ವಿಷಯಗಳಲ್ಲಿ ಬಹಳಷ್ಟನ್ನು ಸ್ಥಾಯಿ ಸಮಿತಿಗಳು ಮೊದಲೇ ನೋಡಿರುತ್ತವೆ. ನಗರದ ದೊಡ್ಡ ಯೋಜನೆಗಳಂತೂ ಪಾಲಿಕೆಯ ಕೈಯಲ್ಲೇ ಇರುವುದಿಲ್ಲ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಯೋಜನೆ, ಒಪ್ಪಿದ್ದು ರಾಜ್ಯ ಸರ್ಕಾರ. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿ ‘ಬೇಡ’ ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಆ ಜನ ವಾರ್ಡ್ ಕಚೇರಿಯ ಮುಂದೆ ನಿಂತಿದ್ದರೆ ಆ ಮಾತು ಎಲ್ಲಿಗೂ ಮುಟ್ಟುತ್ತಿರಲಿಲ್ಲ.

ಮೋರಿ, ಪಾದಚಾರಿ ಮಾರ್ಗ, ಬೀದಿದೀಪ, ಉದ್ಯಾನ, ಕಸ, ಒಳರಸ್ತೆಯ ಗುಂಡಿ ಇವು ವಾರ್ಡಿನ ಮಾತು. ಮೇಲ್ಸೇತುವೆಯ ಮೇಲಿನ ಸಿಟ್ಟನ್ನು ವಾರ್ಡಿನ ಎಂಜಿನಿಯರ್ ಮೇಲೆ ತೀರಿಸಿಕೊಂಡರೆ ಅವರು ತಲೆ ಆಡಿಸುತ್ತಾರೆ, ಅಷ್ಟೇ. ನಿಮ್ಮ ಮೋರಿಯ ಮಾತಿಗೆ ಆಗ ಸಮಯ ಉಳಿದಿರುವುದಿಲ್ಲ.

2. ಪತ್ರ ಸಭೆಗಿಂತ ಮುಂಚೆ ಹೋಗಲಿ

ಸಭೆಯಲ್ಲಿ ಎದ್ದು ನಿಂತು ಹೇಳಿದ್ದು ‘ಇತರೆ ವಿಷಯಗಳು’ ಎಂಬ ಕೊನೆಯ ಸಾಲಿಗೆ ಸೇರುತ್ತದೆ. ಅದರ ಸರದಿ ಬರುವ ಹೊತ್ತಿಗೆ ಅರ್ಧ ಜನ ಎದ್ದಿರುತ್ತಾರೆ. ಒಂದು ವಾರ ಮುಂಚೆ ಬರೆದು ಕೊಟ್ಟದ್ದು ಕಾರ್ಯಸೂಚಿಯಲ್ಲಿ ಸಂಖ್ಯೆ ಪಡೆಯುತ್ತದೆ. ಸಂಖ್ಯೆ ಬಿದ್ದ ವಿಷಯಕ್ಕೆ ಯಾರಾದರೂ ಉತ್ತರ ಕೊಡಲೇಬೇಕು, ಅದಕ್ಕಾಗಿ ಯಾರಾದರೂ ಸ್ಥಳ ನೋಡಿ ಬರಲೇಬೇಕು.

ಪತ್ರ ಎರಡು ಪ್ರತಿ ಇರಲಿ. ಒಂದನ್ನು ಟಪಾಲಿಗೆ ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿ ‘ಸಾರ್ ಗಮನಿಸಿ’ ಎಂದು ಬರೆಯುವುದು ತುರ್ತಿಗೆ ಸರಿ. ಅಧಿಕಾರಿ ವರ್ಗವಾಗಿ ಹೋದ ದಿನ ಆ ಗುಂಪೂ ಅವರ ಜೊತೆ ಹೋಗುತ್ತದೆ. ಮೊಹರು ಬಿದ್ದ ಕಾಗದ ಕಡತದಲ್ಲೇ ಕೂತಿರುತ್ತದೆ.

3. ಒಂದು ಸಭೆಗೆ ಒಂದು ವಿಷಯ, ಅಳತೆ ಸಮೇತ

‘ನಮ್ಮ ಬಡಾವಣೆಯಲ್ಲಿ ಯಾವ ಸೌಲಭ್ಯವೂ ಇಲ್ಲ’ ಎಂದವರಿಗೆ ‘ಆಗುತ್ತೆ ಸಾರ್, ಮಾಡಿಸ್ತೀವಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಇಂಥ ಅಡ್ಡರಸ್ತೆಯಲ್ಲಿ, ಶಾಲೆಯ ಗೇಟಿನಿಂದ ಬಸ್ ಸ್ಟಾಪಿನವರೆಗೆ, ಮೋರಿಯ ಮೇಲಿನ ಚಪ್ಪಡಿಗಳಲ್ಲಿ ಆರು ಮುರಿದಿವೆ, ಎರಡು ಇಲ್ಲವೇ ಇಲ್ಲ’ ಎಂದವರಿಗೆ ಆ ಉತ್ತರ ಕೊಡಲಾಗುವುದಿಲ್ಲ. ಎಂಜಿನಿಯರ್ ಅಂದಾಜು ಪಟ್ಟಿ ಬರೆಯುವಾಗ ಬೇಕಾಗುವುದೂ ಇದೇ: ಎಲ್ಲಿಂದ ಎಲ್ಲಿಗೆ, ಎಷ್ಟು ಉದ್ದ, ಎಷ್ಟು ಸಂಖ್ಯೆ. ಅಳತೆಯ ಟೇಪು ಹಿಡಿದು ಹೋದ ದಿನ ಮಾತಿನ ಧಾಟಿಯೇ ಬದಲಾಗುವುದನ್ನು ಕಂಡಿದ್ದೇನೆ.

ಹತ್ತು ವಿಷಯ ಹೇಳಿದರೆ ಅಧ್ಯಕ್ಷರು ಅದರಲ್ಲಿ ಸುಲಭದ್ದನ್ನು ಆರಿಸಿಕೊಳ್ಳುತ್ತಾರೆ. ಒಂದೇ ಹೇಳಿದರೆ ಆ ಆಯ್ಕೆ ನಿಮ್ಮದಾಗುತ್ತದೆ.

4. ‘ಅನುದಾನ ಇಲ್ಲ’ ಎಂಬ ಮಾತಿಗೆ ಒಂದು ಋತುವಿದೆ

ಜುಲೈನಲ್ಲಿ ಮಳೆ ಸುರಿಯುವಾಗ ಮೋರಿ ಕೇಳಿದರೆ ‘ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಇಲ್ಲ’ ಎನ್ನುತ್ತಾರೆ. ಅದು ನೆಪವೇ ಇರಬೇಕೆಂದಿಲ್ಲ, ಎಷ್ಟೋ ಸಲ ನಿಜ. ಹಣಕಾಸು ವರ್ಷ ಏಪ್ರಿಲ್‌ನಿಂದ. ಬಜೆಟ್ ಸಿದ್ಧತೆ ಅದಕ್ಕೆ ಎಷ್ಟೋ ತಿಂಗಳು ಮುಂಚೆ ಶುರುವಾಗುತ್ತದೆ. ಮಳೆಗಾಲದಲ್ಲಿ ಫೋಟೊ ತೆಗೆದಿಟ್ಟು, ದೀಪಾವಳಿ ಕಳೆದ ಮೇಲೆ ಪತ್ರ ಕೊಟ್ಟು, ಸಂಕ್ರಾಂತಿಯ ಹೊತ್ತಿಗೆ ‘ಪಟ್ಟಿಯಲ್ಲಿ ಸೇರಿತೇ’ ಎಂದು ಕೇಳಬೇಕು. ಜನಾಗ್ರಹ ಸಂಸ್ಥೆ 2015ರಲ್ಲಿ ಶುರು ಮಾಡಿದ ‘ನನ್ನ ನಗರ ನನ್ನ ಬಜೆಟ್’ ಅಭಿಯಾನ ವಾರ್ಡು ವಾರ್ಡು ಸುತ್ತಿ ಜನರ ಬೇಡಿಕೆ ಸಂಗ್ರಹಿಸಿದ್ದು ಬಜೆಟ್‌ಗೆ ಮುಂಚೆಯೇ. ಬಜೆಟ್ ಓದಿದ ಮೇಲೆ ಅಲ್ಲ.

ಕಾಮಗಾರಿ ಮಂಜೂರಾಯಿತು ಎಂದರೆ ಅಲ್ಲಿಗೆ ನಿಲ್ಲಬೇಡಿ. ಅದರ ಜಾಬ್ ಕೋಡ್ ಕೇಳಿ ಬರೆದುಕೊಳ್ಳಿ. ಬೆಂಗಳೂರಿನಲ್ಲಿ ಪಾಲಿಕೆಯ ಕಾಮಗಾರಿಗೆ ಗುರುತು ಅದೇ. ಅಂದಾಜು ಮೊತ್ತ, ಗುತ್ತಿಗೆದಾರ, ಕಾರ್ಯಾದೇಶದ ದಿನಾಂಕ, ಬಿಲ್ಲು, ಎಲ್ಲವೂ ಆ ಸಂಖ್ಯೆಯ ಹಿಂದೆ ಇರುತ್ತವೆ. ಗುದ್ದಲಿ ಪೂಜೆಯ ಫೋಟೊಗಿಂತ ಆ ಸಂಖ್ಯೆ ಮುಖ್ಯ.

5. ಒಂದೇ ತಿರುವಿನಲ್ಲಿ ಐದು ಇಲಾಖೆಗಳಿರುತ್ತವೆ

ರಸ್ತೆ ಪಾಲಿಕೆಯದು, ಅದರ ನಡುವಿನ ಮ್ಯಾನ್‌ಹೋಲ್ ಜಲಮಂಡಳಿಯದು. ಕಂಬ ಬೆಸ್ಕಾಂನದು, ಕಂಬಕ್ಕೆ ಸುತ್ತಿಕೊಂಡು ಜೋತುಬಿದ್ದ ಕೇಬಲ್ ಯಾವುದೋ ಖಾಸಗಿ ಕಂಪನಿಯದು, ಸಿಗ್ನಲ್ ಸಂಚಾರ ಪೊಲೀಸರದು. ಗುಂಡಿ ಬಿದ್ದರೆ ಪಾಲಿಕೆಯವರು ಜಲಮಂಡಳಿಯತ್ತ ಕೈ ತೋರಿಸುತ್ತಾರೆ, ಜಲಮಂಡಳಿಯವರು ‘ನಾವು ಪೈಪ್ ಹಾಕಿ ಮುಚ್ಚಿದ್ದೇವೆ, ಡಾಂಬರು ಅವರದು’ ಎನ್ನುತ್ತಾರೆ.

ನಮ್ಮ ಪಶ್ಚಿಮ ಭಾಗಕ್ಕೆ ಇದರ ದೊಡ್ಡ ಉದಾಹರಣೆ ವೃಷಭಾವತಿ. ನಗರದೊಳಗೆ ಅದು ರಾಜಕಾಲುವೆ. ತಡೆಗೋಡೆ ಕಟ್ಟುವುದು, ಹೂಳು ತೆಗೆಯುವುದು ಪಾಲಿಕೆಯ ಕೆಲಸ. ಅದರೊಳಗೆ ಹರಿಯುವ ಕೊಳಚೆ ಜಲಮಂಡಳಿಯ ಲೆಕ್ಕ. ಕಾರ್ಖಾನೆಯ ನೀರು ಸೇರಿದರೆ ಮಾಲಿನ್ಯ ನಿಯಂತ್ರಣ ಮಂಡಳಿ. ಇವರನ್ನು ಒಬ್ಬೊಬ್ಬರಾಗಿ ಕೇಳಿದರೆ ಪ್ರತಿಯೊಬ್ಬರ ಉತ್ತರವೂ ಸರಿಯಾಗಿಯೇ ಇರುತ್ತದೆ, ಕಾಲುವೆ ಮಾತ್ರ ಹಾಗೇ ನಾರುತ್ತಿರುತ್ತದೆ.

ಅದಕ್ಕೆ ನಾನು ಸಭೆಯಲ್ಲಿ ಕೇಳುವುದು ಕಾಮಗಾರಿಯನ್ನಲ್ಲ, ಜಂಟಿ ಪರಿಶೀಲನೆಯನ್ನು. ‘ಇಂಥ ದಿನ, ಇಂಥ ಹೊತ್ತಿಗೆ, ಈ ಮೂರು ಇಲಾಖೆಯ ಎಂಜಿನಿಯರುಗಳು ಸ್ಥಳಕ್ಕೆ ಬರತಕ್ಕದ್ದು’ ಎಂದು ಬರೆಸಿದರೆ ಸಾಕು. ಗುಂಡಿಯ ಪಕ್ಕ ಮೂವರೂ ನಿಂತ ಮೇಲೆ ಇನ್ನೊಬ್ಬರತ್ತ ಕೈ ತೋರಿಸುವುದು ಕಷ್ಟ.

6. ಆಡಿದ್ದು ಹೋಗುತ್ತದೆ, ನಡವಳಿಯಲ್ಲಿ ಬರೆದದ್ದು ನಿಲ್ಲುತ್ತದೆ

ಈ ಹತ್ತರಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ಇದನ್ನು ಇಟ್ಟುಕೊಳ್ಳುತ್ತೇನೆ.

ಒಂದು ಸಭೆಯ ಮಾತು. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಹಳೆಯ ವಾರ್ಡ್ ನಕ್ಷೆ, ಮೇಜಿನ ಮೇಲೆ ಟೀ ಲೋಟಗಳ ಪಕ್ಕದಲ್ಲಿ ಉದ್ದನೆಯ ರಿಜಿಸ್ಟರ್. ಅದೇ ಮುರಿದ ಚಪ್ಪಡಿಗಳ ಬಗ್ಗೆ ಅರ್ಧ ಗಂಟೆ ವಾದವಾಯಿತು. ವಯಸ್ಸಾದ ಅಮ್ಮ ಒಬ್ಬರು ತಾವು ಕಾಲು ಸಿಕ್ಕಿಸಿಕೊಂಡು ಬಿದ್ದದ್ದನ್ನು ಹೇಳಿದರು. ಎಂಜಿನಿಯರ್ ಸಮಾಧಾನವಾಗಿ ಕೇಳಿ ‘ಮಾಡಿಸ್ತೀನಮ್ಮಾ’ ಎಂದರು. ಎಲ್ಲರೂ ಸಮಾಧಾನಪಟ್ಟರು. ಗುಮಾಸ್ತರು ರಿಜಿಸ್ಟರ್‌ನಲ್ಲಿ ಏನು ಬರೆದರು ಎಂದು ಬಗ್ಗಿ ನೋಡಿದೆ: ‘ಚರಂಡಿ ಸಮಸ್ಯೆ ಬಗ್ಗೆ ಚರ್ಚಿಸಲಾಯಿತು.’

ಚರ್ಚಿಸಲಾಯಿತು! ಅಮ್ಮ ಬಿದ್ದದ್ದು, ಎಂಜಿನಿಯರ್ ಒಪ್ಪಿದ್ದು, ಎಂಟು ಚಪ್ಪಡಿ, ಯಾವುದೂ ಅಲ್ಲಿಲ್ಲ. ‘ಸ್ವಾಮಿ, ಒಂದು ಸಾಲು ಸೇರಿಸಿಬಿಡೋಣ’ ಎಂದು ಕೇಳಿದೆ. ಅಧ್ಯಕ್ಷರು ಒಪ್ಪಿದರು. ಆ ಸಾಲು ಹೀಗಾಯಿತು: ‘ಶಾಲೆಯ ಗೇಟಿನಿಂದ ಬಸ್ ನಿಲ್ದಾಣದವರೆಗಿನ ಮೋರಿಯ ಮೇಲೆ ಎಂಟು ಚಪ್ಪಡಿಗಳನ್ನು ಹಾಕಿಸಲು ತೀರ್ಮಾನಿಸಲಾಯಿತು. ಕ್ರಮ: ಸಹಾಯಕ ಎಂಜಿನಿಯರ್. ಅವಧಿ: ಮುಂದಿನ ಸಭೆಯೊಳಗೆ.’

ಏನು, ಯಾರು, ಯಾವಾಗ, ಈ ಮೂರು ಇಲ್ಲದ ನಡವಳಿ ಬರೀ ಹಾಜರಾತಿ ಪಟ್ಟಿ. ಮುಂದಿನ ಸಭೆ ಶುರುವಾಗುತ್ತಿದ್ದಂತೆ ಮೊದಲ ವಿಷಯವೇ ಹಿಂದಿನ ನಡವಳಿಯ ಅನುಪಾಲನಾ ವರದಿ ಆಗಬೇಕು ಎಂದು ಹಿಡಿದು ಕೂರಿ. ನಮ್ಮ ಚಪ್ಪಡಿಗಳು ಮುಂದಿನ ಸಭೆಯೊಳಗೆ ಬರಲಿಲ್ಲ. ಆದರೆ ಆ ಸಭೆಯಲ್ಲಿ ಎಂಜಿನಿಯರ್ ಮೊದಲು ಎದ್ದು ಕಾರಣ ಹೇಳಬೇಕಾಯಿತು, ಹೊಸ ದಿನಾಂಕ ಕೊಡಬೇಕಾಯಿತು. ಅದಾದ ಮೇಲೆ ಚಪ್ಪಡಿ ಬಂತು.

ನಡವಳಿಯ ಪ್ರತಿ ಕೇಳುವುದು ಯಾರ ಮೇಲಿನ ಅನುಮಾನವೂ ಅಲ್ಲ. ನಗುತ್ತಲೇ ಕೇಳಿ, ತಪ್ಪದೆ ಕೇಳಿ.

7. ಬಾರದವರ ಮಾತು ಬಂದವರಿಗಿಂತ ದೊಡ್ಡದು

ಸಭೆಗೆ ಬರುವವರು ಹೆಚ್ಚಾಗಿ ನನ್ನಂಥವರು: ಸ್ವಂತ ಮನೆ, ನಿವೃತ್ತಿಯ ಅಂಚು, ಶನಿವಾರ ಬಿಡುವು. ಬಾಡಿಗೆ ಮನೆಯವರು ಬರುವುದಿಲ್ಲ, ‘ನಾಳೆ ಖಾಲಿ ಮಾಡೋರು ನಾವು’ ಎನ್ನುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ಪಾಳಿ. ಕೆಂಗೇರಿ 2007ರವರೆಗೆ ತನ್ನದೇ ಪುರಸಭೆ ಇದ್ದ ಊರು. ಅಂಥ ಕಡೆ ಹಳೆಯ ಊರಿನವರೊಬ್ಬರೂ ಇಲ್ಲದ ಸಭೆಯಲ್ಲಿ ಹೊಸ ಬಡಾವಣೆಯ ನೀರು ಯಾವ ಕಡೆ ಇಳಿಯುತ್ತದೆ ಎಂದು ಹೇಳುವವರೇ ಇರುವುದಿಲ್ಲ.

ಕಸದ ಬ್ಲಾಕ್ ಸ್ಪಾಟ್ ಬಗ್ಗೆ ಒಂದು ಸಭೆಯಲ್ಲಿ ನಾವೆಲ್ಲ ಪಕ್ಕದ ರಸ್ತೆಯವರನ್ನು ಬೈದದ್ದೇ ಬೈದದ್ದು. ಬಾಗಿಲ ಬಳಿ ನಿಂತಿದ್ದ ಪೌರಕಾರ್ಮಿಕ ಮಹಿಳೆಯನ್ನು ಯಾರೋ ಕೇಳಿದರು. ‘ಈ ರಸ್ತೆಯೋರು ಯಾರೂ ಹಾಕಲ್ಲ ಸಾರ್. ಬೆಳಕು ಹರಿಯೋ ಮುಂಚೆ ಸ್ಕೂಟರ್‌ನಲ್ಲಿ ಬರ್ತಾರೆ, ಕವರ್ ಎಸೆದು ಹೋಗ್ತಾರೆ. ಆಟೊ ಬರೋ ಹೊತ್ಗೆ ಅವರು ಕೆಲಸಕ್ಕೆ ಹೋಗಿರ್ತಾರೆ, ಇನ್ನೆಲ್ಲಿ ಹಾಕ್ತಾರೆ?’ ಎಂದರು. ಕ್ಯಾಮೆರಾ ಹಾಕಿಸಬೇಕೆಂಬ ಬೇಡಿಕೆ ಅಲ್ಲಿಗೆ ನಿಂತು, ಕಸದ ಆಟೊ ಬರುವ ಹೊತ್ತು ಬದಲಿಸುವ ಮಾತು ಶುರುವಾಯಿತು.

ಬೀದಿ ವ್ಯಾಪಾರಿಗಳ ವಿಷಯವೂ ಹಾಗೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು. ವಿಜಯನಗರದಲ್ಲಿ ಮೆಟ್ರೊ ನಿಲ್ದಾಣದ ಬಳಿ 2024ರ ಆಗಸ್ಟ್‌ನಲ್ಲಿ ಹವಾನಿಯಂತ್ರಿತ ಪಾಲಿಕೆ ಬಜಾರ್ ತೆರೆಯಿತು. ತಳ್ಳುಗಾಡಿಯ ಸೊಪ್ಪಿನಮ್ಮನಿಗೆ ಅಂಥ ಕಟ್ಟಡದ ಒಳಗೆ ಗಿರಾಕಿ ಸಿಗುತ್ತಾರೋ, ರಸ್ತೆ ಬದಿಯಲ್ಲೇ ಸಿಗುತ್ತಾರೋ ಎಂದು ಹೇಳಬೇಕಾದವರು ಆ ಅಮ್ಮನೇ. ‘ತೆರವು ಮಾಡಿ’ ಎಂಬ ಪತ್ರಕ್ಕೆ ಸಹಿ ಹಾಕುವ ಮುಂಚೆ ಆ ವ್ಯಾಪಾರಿಗಳಲ್ಲಿ ಇಬ್ಬರನ್ನು ಸಭೆಗೆ ಕರೆತನ್ನಿ.

8. ಎಂಜಿನಿಯರನ್ನು ಗೆಲ್ಲಬೇಕಾಗಿಲ್ಲ, ಅವರ ಕೆಲಸ ಸುಲಭ ಮಾಡಿ

ಸಹಾಯಕ ಎಂಜಿನಿಯರ್ ಕೈಯಲ್ಲಿ ಹಣದ ಅಧಿಕಾರ ಬಹಳ ಕಡಿಮೆ. ಅವರ ಮೇಲೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಕಾರ್ಯಪಾಲಕ ಎಂಜಿನಿಯರ್, ವಲಯದವರು, ಬದಿಯಲ್ಲಿ ಶಾಸಕರ ಕಚೇರಿಯ ಫೋನು. ಅವರನ್ನು ನಾಲ್ಕು ಜನರೆದುರು ಅವಮಾನಿಸಿದರೆ ನಮ್ಮ ಕಡತ ಕೆಳಗೆ ಹೋಗುತ್ತದೆ. ‘ಮೇಲಿನವರಿಗೆ ಬರೆಯಲು ನಿಮಗೆ ಏನು ಬೇಕು’ ಎಂದು ಕೇಳಿದರೆ ಅವರೇ ದಾರಿ ಹೇಳುತ್ತಾರೆ. ಹಾಗೆಂದು ಹೊಗಳಿಕೆಯ ಹಾರ ಶಾಲು ಬೇಡ. ಕೆಲಸ ಆದ ಮೇಲೆ ‘ಆಗಿದೆ’ ಎಂದು ನಡವಳಿಯಲ್ಲಿ ಬರೆಸುವುದೇ ಅವರಿಗೆ ಸಲ್ಲಬೇಕಾದ ಮರ್ಯಾದೆ.

ಪಕ್ಷದ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ ಎಂಬುದೂ ಇದಕ್ಕೆ ಸೇರಿದ್ದೇ. ಯಾರ ಕಾಲದಲ್ಲಿ ರಸ್ತೆ ಆಯಿತು ಎಂಬ ವಾದ ಶುರುವಾದರೆ ಆ ದಿನದ ಸಭೆ ಮುಗಿಯಿತು ಎಂದೇ ಲೆಕ್ಕ.

9. ‘ಆಗುವುದಿಲ್ಲ’ ಎಂಬುದನ್ನೂ ಬರೆಸಿಕೊಳ್ಳಿ, ಗಡುವುಗಳನ್ನು ನೆನಪಿಡಿ

ಬಾಯಿಮಾತಿನ ‘ಇಲ್ಲ’ವನ್ನು ಯಾರೂ ಪ್ರಶ್ನಿಸಲಾಗದು. ಹಿಂಬರಹ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಇದೆ: ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು. ಅದಕ್ಕೇ ಜಾಬ್ ಕೋಡ್ ಬರೆದಿಟ್ಟುಕೊಳ್ಳಿ ಎಂದದ್ದು. ಅದೊಂದಿದ್ದರೆ ಅರ್ಜಿ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ.

ಕೆಲವು ತೀರ್ಮಾನಗಳಿಗೆ ಸಾರ್ವಜನಿಕರ ಆಕ್ಷೇಪಣೆ ಕೇಳುವುದು ಕಾನೂನಿನಲ್ಲೇ ಇದೆ. ಒಂದು ಯೋಜನೆಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕ ಪ್ರಕಟಣೆ ಬೇಕು. ಬಿಬಿಎಂಪಿಯ ಜಾಗಕ್ಕೆ ಬಂದ ಐದು ಪಾಲಿಕೆಗಳ ವಾರ್ಡ್ ಗಡಿಗಳ ಕರಡು 2025ರ ಸೆಪ್ಟೆಂಬರ್ 30ರಂದು ಹೊರಬಿತ್ತು, ಆಕ್ಷೇಪಣೆಗೆ ಅಕ್ಟೋಬರ್ 15 ಕೊನೆಯ ದಿನ. ಕರಡಿನಲ್ಲಿ 368 ವಾರ್ಡುಗಳಿದ್ದವು, ಅಂತಿಮ ಪಟ್ಟಿಯಲ್ಲಿ 369 ಆದವು. ಆಕ್ಷೇಪಣೆಯ ಆ ಎರಡು ವಾರ ಶುರುವಾದದ್ದೇ ದಸರೆಯ ಗಡಿಬಿಡಿಯಲ್ಲಿ. ‘ನಮಗೆ ಒಪ್ಪಿಗೆ ಇಲ್ಲ’ ಎಂಬ ಒಂದು ಸಾಲಿನಿಂದ ಗಡಿ ಬದಲಾಗುವುದಿಲ್ಲ. ‘ಇಂಥ ಮುಖ್ಯರಸ್ತೆಯ ಈ ಬದಿ ಈ ವಾರ್ಡಿಗೆ ಸೇರಲಿ, ಕಾರಣ ಇದು’ ಎಂದು ಬರೆದದ್ದನ್ನಾದರೆ ಪರಿಶೀಲಿಸಲು ಬರುತ್ತದೆ.

10. ಚುನಾಯಿತರು ಇಲ್ಲದ ಕಾಲದಲ್ಲೂ ಕುರ್ಚಿ ಬಿಡಬೇಡಿ

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಆಮೇಲೆ ಐದು ವರ್ಷಕ್ಕೂ ಮೀರಿ ನಗರ ನಡೆದದ್ದು ಆಡಳಿತಾಧಿಕಾರಿಗಳ ಕೈಯಲ್ಲಿ. ವಾರ್ಡ್ ಸಮಿತಿ ಅಧ್ಯಕ್ಷರ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕೂತರು. ಕೆಲವು ಕಡೆ ಸಭೆ ನಡೆಯಿತು, ಕೆಲವು ಕಡೆ ನಡೆಯಲಿಲ್ಲ. ವ್ಯತ್ಯಾಸ ಎಲ್ಲಿತ್ತು ಎಂದು ನೋಡಿದ್ದೇನೆ: ‘ಈ ಶನಿವಾರ ಸಭೆ ಇದೆಯಾ ಸಾರ್’ ಎಂದು ಕೇಳುವವರು ಇದ್ದ ಕಡೆ ಸಭೆ ನಡೆಯಿತು.

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಐದರಲ್ಲಿ ಅತಿ ಹೆಚ್ಚು ವಾರ್ಡುಗಳಿರುವುದು ನಮ್ಮ ಪಶ್ಚಿಮ ಪಾಲಿಕೆಯಲ್ಲೇ, ನೂರಕ್ಕೂ ಮೀರಿ. ಈ ಪಾಲಿಕೆಗಳನ್ನು ತಂದ ಹೊಸ ಕಾಯ್ದೆಯಲ್ಲೂ ವಾರ್ಡ್ ಸಮಿತಿ ಉಳಿದಿದೆ. ವಾರ್ಡು ಚಿಕ್ಕದಾದಷ್ಟೂ ಸದಸ್ಯರ ಮನೆ ಹತ್ತಿರವಾಗುತ್ತದೆ, ತಪ್ಪಿಸಿಕೊಳ್ಳುವ ದಾರಿ ಕಡಿಮೆಯಾಗುತ್ತದೆ. ಆದರೆ ಹೊಸ ಕಚೇರಿ, ಹೊಸ ಗಡಿ, ಹೊಸ ಅಧಿಕಾರಿಗಳ ನಡುವೆ ಹಳೆಯ ಕಡತಗಳು ಎಲ್ಲೋ ಕಟ್ಟು ಬಿಚ್ಚದೆ ಬಿದ್ದಿರುತ್ತವೆ. ಹಿಂದಿನ ತೀರ್ಮಾನಗಳ ಪ್ರತಿ ನಿಮ್ಮ ಕೈಯಲ್ಲಿದ್ದರೆ ಹೊಸಬರು ಅದರಿಂದಲೇ ಶುರು ಮಾಡಬೇಕಾಗುತ್ತದೆ.

ಆದ್ದರಿಂದ ಇಷ್ಟು ಮಾಡಿ. ನಿಮ್ಮ ಮನೆ ಈಗ ಯಾವ ವಾರ್ಡಿಗೆ ಸೇರಿದೆ ಎಂದು ತಿಳಿದುಕೊಳ್ಳಿ. ಸಭೆ ಯಾವ ದಿನ ಎಂದು ವಾರ್ಡ್ ಕಚೇರಿಯಲ್ಲಿ ಕೇಳಿ. ಪಕ್ಕದ ಮನೆಯ ಬಾಡಿಗೆದಾರರನ್ನೂ ಕರೆದುಕೊಂಡು ಹೋಗಿ. ಮೊದಲ ಸಲ ಮಾತಾಡದಿದ್ದರೂ ಪರವಾಗಿಲ್ಲ. ಕಳೆದ ಸಭೆಯ ನಡವಳಿಯ ಒಂದು ಪ್ರತಿ ಕೊಡಿ ಎಂದು ಮಾತ್ರ ಕೇಳಿ ಬನ್ನಿ.